ಬೆಳಕಿನ ಮೇಲೆ ಬಂದ ಮುಖ

"ಅಜ್ಜಾರ, ಒಂದೀಟು ಅಲುಗಾಡದಂಗ ಕೂಡ್ರಿ!"

ಫೋಟೋ ತೆಗೆಯುವ ಇಮಾಮಸಾಬ ಕರಿಯ ಅರಿವೆಯೊಳಗೆ ತಲೆ ತೂರಿಸಿಕೊಂಡು ರೂಢಿಯಂತೆ ಕೂಗಿಬಿಟ್ಟ. ಕೂಗಿದ ಮೇಲೆಯೇ ತಾನೆಲ್ಲಿದ್ದೇನೆಂಬುದು ಅವನಿಗೆ ನೆನಪಾದದ್ದು. ಅರಿವೆ ಸರಿಸಿ ಹೊರಬಂದು ನಾಲಿಗೆ ಕಚ್ಚಿಕೊಂಡು ನಿಂತ.

ಎದುರಿಗೆ ಕುಳಿತಿದ್ದ ಬಸಲಿಂಗಜ್ಜ ಹಿಂದಿನ ಸಂಜೆಯೇ ತೀರಿಕೊಂಡಿದ್ದ. ಲಿಂಗಾಯತರ ಮನೆಯ ಸಾವು. ಹೆಣವನ್ನು ಮಲಗಿಸುವ ಮಾತಿಲ್ಲ. ಮೈ ತೊಳೆದು, ಹಣೆಗೆ ವಿಭೂತಿ ಬಳಿದು, ಗೋಡೆಯ ಗೂಟಕ್ಕೆ ಬೆನ್ನು ಕಟ್ಟಿ ನೆಟ್ಟಗೆ ಕೂಡಿಸಿದ್ದರು. ಬಾಯಿ ತೆರೆಯದಂತೆ ಗದ್ದಕ್ಕೊಂದು ಪಟ್ಟಿ, ಆ ಪಟ್ಟಿ ಕಾಣದಂತೆ ಮೇಲೆ ತಲೆಗೆ ಸುತ್ತಿದ ಪಟಗ, ಕಟ್ಟಿದ ಹಗ್ಗ ಕಾಣದಂತೆ ಹೆಗಲಿಗೊಂದು ಶಾಲು. ಗೊತ್ತಿಲ್ಲದವರು ಬಾಗಿಲಿಂದ ನೋಡಿದರೆ ಅಜ್ಜ ಯಾರದೋ ಲಗ್ನಕ್ಕೆ ಹೊರಟು ಕುಳಿತಿದ್ದಾನೆ ಅನ್ನಬೇಕು.

ಮೊದಲು ನಕ್ಕವಳು ಅಜ್ಜನ ಹೆಂಡತಿ ಮುತ್ತವ್ವನೇ.

"ಇನ್ನೆಲ್ಲಿ ಅಲುಗಾಡ್ತಾನಪಾ ಇಮಾಮಸಾಬ! ಬದುಕಿದ್ದಾಗ ಒಂದು ಗಳಿಗಿ ಕುಂತಾವಲ್ಲ. ಈಗ ನೋಡು, ಹೆಂಗ ಕುಂತಾನ, ಹೇಳಿ ಮಾಡಿಸಿದಂಗ." ನಗುತ್ತಲೇ ಸೆರಗು ಬಾಯಿಗೆ ಒತ್ತಿಕೊಂಡು ಹೋ ಎಂದು ಅತ್ತಳು.

ಜನ ನಕ್ಕರು, ಅತ್ತರು, ಇಮಾಮಸಾಬನನ್ನು ಬೈದರು. ನಗದೆ, ಅಳದೆ, ಬೈಯದೆ ನಿಂತವನು ಒಬ್ಬನೇ. ಅವನು ಹುಬ್ಬಳ್ಳಿ ಠಾಣೆಯ ಫೌಜದಾರ ಸೋಮಪ್ಪ.

ಪಕ್ಕದ ಮನೆಯ ಸಾವೆಂದು ಒಂದು ಹಾರ ಹಾಕಿ ಹೋಗಲು ಬಂದಿದ್ದ. ಇಲ್ಲಿಂದ ನೇರ ಧಾರವಾಡದ ಕೋರ್ಟಿಗೆ ಹೋಗಬೇಕಿತ್ತು. ಶಿದ್ದಪ್ಪ ಮಾಸ್ತರ ಕೊಲೆಯ ಖಟ್ಲೆ ಅಂದು ಮಧ್ಯಾಹ್ನ ಮ್ಯಾಜಿಸ್ಟ್ರೇಟರ ಮುಂದೆ. ಕೈಗೆ ಬೇಡಿ ಬಿದ್ದವನು ಮಾಸ್ತರ ಆಳು ಲಕ್ಕಪ್ಪ. ಬೇಡಿ ಹಾಕಿದವನು ಇದೇ ಸೋಮಪ್ಪ. ಮ್ಯಾಜಿಸ್ಟ್ರೇಟರು ಹೂಂ ಅಂದರೆ ಲಕ್ಕಪ್ಪ ಸೆಷನ್ಸ್ ಕೋರ್ಟಿಗೆ. ಅಲ್ಲಿಂದ ಹಗ್ಗಕ್ಕೆ ದೂರವೇನಿಲ್ಲ.

ಸೋಮಪ್ಪ ಅಜ್ಜನ ಪಟಗವನ್ನೇ ನೋಡಿದ. ಕಿಟಕಿಯ ಗಾಳಿಗೆ ಪಟಗದ ಇಳಿಬಿದ್ದ ತುದಿ, ಅದರ ಚುಂಗು, ಪಟಪಟ ಆಡುತ್ತಿತ್ತು. ಅದರ ಕೆಳಗೆ ಹೆಗಲು ಕಲ್ಲಿನ ಹಾಗೆ ನಿಂತಿತ್ತು.

ಇಂಥದೇ ಒಂದು ಪಟಗ, ಇಂಥವೇ ಹೆಗಲು, ಇದೇ ಠೀವಿ. ತಾನು ಎಲ್ಲಿ ನೋಡಿದ್ದೆನೆಂಬುದು ಹೊಳೆದದ್ದೇ ತಡ, ಅವನ ಕೈಯಲ್ಲಿದ್ದ ಹಾರ ನೆಲಕ್ಕೆ ಬಿತ್ತು.

"ಯಾಕ್ರೀ ಸಾಹೇಬ್ರ, ಚಕ್ಕರ ಬಂತೇನು?" ಎಂದು ಯಾರೋ ತೋಳು ಹಿಡಿದರು.

"ನಾ ಕತ್ತೆ ಅದೇನಿ," ಎಂದ ಸೋಮಪ್ಪ. "ಕೋರ್ಟು ಕಚೇರಿ ಎಲ್ಲಾ ಕೂಡಿ ಒಂದು ಹೆಣಾ ನೋಡಿ ಜೀವಂತ ಮನಷ್ಯಾ ಅಂದೇವಿ."

ಅಷ್ಟು ಹೇಳಿ, ಚಪ್ಪಲಿ ಕೂಡ ಸರಿಯಾಗಿ ಮೆಟ್ಟದೆ, ಕೇಶ್ವಾಪುರದ ಕಡೆ ಟಾಂಗಾ ಹೊಡೆಸಿದ.

ಅವನಿಗೆ ನೆನಪಾದದ್ದು ಮಾಸ್ತರ ಖಟ್ಲೆಯ ಚಿತ್ರ. ಅದರ ಕಥೆ ಹುಬ್ಬಳ್ಳಿಯ ಚಹಾದಂಗಡಿಗಳಲ್ಲೆಲ್ಲ ಓಡಾಡುತ್ತಿತ್ತು. ಶಿದ್ದಪ್ಪ ಮಾಸ್ತರು ಸಾಲೆಯ ನೌಕರಿ ಬಿಟ್ಟು ಉಣಕಲ್ ಗುಡ್ಡದ ಮೇಲೊಂದು ಕೋಣೆ ಕಟ್ಟಿಕೊಂಡು, ತಂತಿ ಇಲ್ಲದೆ ಬರೀ ಬೆಳಕಿನ ಮೇಲೆ ಚಿತ್ರ ಕಳಿಸುವ ಯಂತ್ರ ಹೂಡಿದ್ದರು. ಊರವರು ಅದನ್ನು ಬೆಳಕಿನ ಟಪಾಲು ಎಂದು ಕರೆದರು. ಎದುರಿಗೆ ಕುಳಿತವನ ಮುಖವನ್ನು ಯಂತ್ರ ಒಂದೊಂದೇ ಗೆರೆಯಾಗಿ ಓದುತ್ತದೆ. ಮುಖ ಬೆಳ್ಳಗಿದ್ದಲ್ಲಿ ದೊಡ್ಡ ದೀಪ ಜೋರಾಗುತ್ತದೆ, ಕಪ್ಪಗಿದ್ದಲ್ಲಿ ಮಂದವಾಗುತ್ತದೆ. ಆ ದೀಪದ ಏರಿಳಿತ ಕೆರೆಯ ಮೇಲಿಂದ, ಊರಿನ ಮೇಲಿಂದ ಹಾರಿ ಕೇಶ್ವಾಪುರದ ಬಂಗಲೆಯ ಮಾಳಿಗೆಗೆ ಬಂದು ಬೀಳುತ್ತದೆ. ಅಲ್ಲಿ ಬೆಳಕನ್ನು ಹಿಡಿಯುವ ಸೆಲೆನಿಯಂ ಎಂಬ ಧಾತು. ತಿರುಗುವ ಉರುಳೆಗೆ ಸುತ್ತಿದ ಫೋಟೋ ಕಾಗದ. ಗೆರೆಯ ಪಕ್ಕ ಗೆರೆ ಕೂಡಿ ಮುಖವಾಗುತ್ತದೆ.

ಒಂದು ಮುಖ ಪೂರ್ತಿ ಬರಲು ಒಂದು ಊಟ ಮುಗಿಸುವಷ್ಟು ಹೊತ್ತು ಬೇಕು. ನೆನಪಿರಲಿ, ಇಡೀ ಖಟ್ಲೆ ನಿಂತದ್ದು ಈ ಒಂದು ಊಟದ ಹೊತ್ತಿನ ಮೇಲೆ.

ಕೊಲೆಯಾದ ದಿನದ ಸಂಜೆ ಸಾವಕಾರ ರಾಮಪ್ಪನವರ ಬಂಗಲೆಯಲ್ಲಿ ಊರಿನ ದೊಡ್ಡವರೆಲ್ಲ ನೆರೆದಿದ್ದರು. ಗುಡ್ಡದ ಮೇಲೆ ಮಾಸ್ತರು ಒಬ್ಬರೇ. ಯಂತ್ರಕ್ಕೆ ಕೀಲಿ ಕೊಟ್ಟು ತಾವೇ ಎದುರಿಗೆ ಕುಳಿತು ತಮ್ಮ ಮುಖ ಕಳಿಸುವುದಾಗಿ ಮಾತು ಕೊಟ್ಟಿದ್ದರು. ಮುಖ ಬಂತು, ಜನ ಚಪ್ಪಾಳೆ ತಟ್ಟಿದರು. ಮರುದಿನ ಮಾಸ್ತರ ಹೆಣ ಗುಡ್ಡದ ಹಿಂದಿನ ಕಲ್ಲುಗಣಿಯ ನೀರಿನಲ್ಲಿ ಸಿಕ್ಕಿತು, ತಲೆಯ ಹಿಂಭಾಗ ಒಡೆದು.

ಸಂಜೆ ದೀಪ ಆಡುವಾಗ ಮಾಸ್ತರು ಜೀವಂತ. ಅದಕ್ಕೆ ಚಿತ್ರವೇ ಸಾಕ್ಷಿ. ದೀಪ ಆರಿದ ಮೇಲೆ ಗುಡ್ಡ ಹತ್ತಿದವನು ಲಕ್ಕಪ್ಪ. ಅದಕ್ಕೆ ಕುರುಬನೊಬ್ಬ ಸಾಕ್ಷಿ. ಅಂದೇ ಮಧ್ಯಾಹ್ನ ಇಬ್ಬರಿಗೂ ಜಗಳವಾಗಿತ್ತು. ಅದಕ್ಕೆ ಅರ್ಧ ಉಣಕಲ್ಲೇ ಸಾಕ್ಷಿ. ಮೇಲಾಗಿ ಲಕ್ಕಪ್ಪ, "ನಾ ಗುಡ್ಡಾ ಹತ್ತೇ ಇಲ್ಲ" ಎಂದು ಸುಳ್ಳು ಹೇಳಿ ಸಿಕ್ಕಿಬಿದ್ದಿದ್ದ. ಇಷ್ಟಾದ ಮೇಲೆ ಯಾವ ಫೌಜದಾರ ಬಿಟ್ಟಾನು?

ಬಂಗಲೆಯ ಮೆಟ್ಟಿಲಲ್ಲೇ ಸಾವಕಾರ ರಾಮಪ್ಪ ಎದುರಾದರು. ಊರಿಗೆಲ್ಲ ಅರಳೆ ಮಾರಿ ಮೈಯೂ ಅರಳೆ ಮೂಟೆಯಂತಾಗಿದ್ದ ಮನುಷ್ಯ.

"ಬರ್ರಿ ಫೌಜದಾರ್ರ. ಕೋರ್ಟು ಮುಗದು ಹೋತೇನು? ಆ ಹರಾಮಖೋರಗ ಏನು ಮಾಡಿದ್ರು?"

"ಇನ್ನೂ ಸುರುವಾಗಿಲ್ಲರಿ. ತಾರಾಬಾಯಿಯವ್ರು ಅದಾರೇನು?"

"ಮ್ಯಾಲದಾರ. ಇಡೀ ದಿನಾ ಆ ಉರುಳಿ ಮುಂದ ಕುಂಡರ್ತಾರ. ನಾ ಅಂತೇನಿ, ಮಾಸ್ತರ ಹೋದ್ರು, ಯಂತ್ರ ಯಾಕ ಕೊಳಿಬೇಕು? ಮುಂಬೈದವ್ರು ಕೇಳಾಕತ್ತಾರ…"

"ಹೆಣಾ ಹುಗದ ಮಣ್ಣು ಇನ್ನೂ ಹಸೀ ಐತಿ, ಸಾವಕಾರ್ರ," ಎಂದು ಸೋಮಪ್ಪ ಅವರನ್ನು ಬಳಸಿಕೊಂಡು ಮಾಳಿಗೆ ಹತ್ತಿದ.

ತಾರಾಬಾಯಿ ಹೆಣ್ಣುಮಕ್ಕಳ ಸಾಲೆಯಲ್ಲಿ ವಿಜ್ಞಾನ ಕಲಿಸುವವಳು. ಮಾಸ್ತರ ಹಳೆಯ ಶಿಷ್ಯೆ. ಬಂಗಲೆಯ ಕಡೆ ಬೆಳಕನ್ನು ಹಿಡಿದು ಚಿತ್ರ ತೊಳೆಯುವ ಕೆಲಸವೆಲ್ಲ ಅವಳದೇ. ಕಿಟಕಿಗೆ ಕರಿಯ ಪರದೆ ಇಳಿಬಿಟ್ಟ ಕೋಣೆಯಲ್ಲಿ ಕುಳಿತಿದ್ದಳು. ಅತ್ತು ಅತ್ತು ಕಣ್ಣು ಬಾತಿದ್ದವು.

"ಆ ದಿನದ ಅಸಲು ಚಿತ್ರಾ ತಗೀರಿ," ಎಂದ ಸೋಮಪ್ಪ.

"ಕೋರ್ಟಿಗೆ ಕೊಟ್ಟೇನಲ್ರೀ."

"ಕೋರ್ಟಿಗೆ ಕೊಟ್ಟಿದ್ದು ಅದರ ನಕಲು. ನನಗ ಅಸಲು ಬೇಕು. ಹಂಗಽ ಅದಕ್ಕೂ ಮೊದಲ ಕಳಿಸಿದ ಮನಷ್ಯಾರ ಚಿತ್ರ ಎಷ್ಟಿದ್ರೂ ತಗೀರಿ."

ಅವಳು ಎದ್ದಳು. ಕಪಾಟಿನಿಂದ ಚಿತ್ರಗಳನ್ನು ತಂದು ಮೇಜಿನ ಮೇಲೆ ಹರಡಿದಳು. ಪರದೆ ಸರಿಸಿದಳು. ಬಿಸಿಲು ಒಳಬಂತು.

ಮೊದಲನೆಯದು ಅವಳದೇ ಮುಖ, ಆರು ತಿಂಗಳ ಹಿಂದೆ ಗುಡ್ಡದಿಂದ ಕಳಿಸಿದ್ದು. ಎರಡನೆಯದು ಲಕ್ಕಪ್ಪನದು, ಹಲ್ಲು ಕಿಸಿದುಕೊಂಡು ಕುಳಿತಿದ್ದಾನೆ. ಮೂರನೆಯದು ಮಾಸ್ತರ ಅಣ್ಣ ಮಹಾದೇವಪ್ಪನವರದು. ಮೂರರಲ್ಲೂ ಮುಖ ಮುಖದಂತೆ ಇದ್ದರೂ ಅಂಚುಗಳು ನೆಟ್ಟಗಿರಲಿಲ್ಲ. ಕೆನ್ನೆ, ಕೊರಳು, ಹೆಗಲು ಎಲ್ಲ ಕಡೆ ಗೆರೆ ಆಚೆ ಒಂದು ಕೂದಲೆಳೆ, ಈಚೆ ಒಂದು ಕೂದಲೆಳೆ ಸರಿದು, ನೀರಿನಲ್ಲಿ ಕಂಡ ಮುಖದ ಹಾಗೆ ಅಲೆಅಲೆಯಾಗಿತ್ತು.

"ಇವು ಯಾಕ ಹಿಂಗ ಅಲಗ್ಯಾವು?"

"ಉಸಿರು," ಎಂದಳು ತಾರಾಬಾಯಿ. "ಅಷ್ಟು ಹೊತ್ತು ಕೂತ್ರ ಮನುಷ್ಯಾ ಉಸಿರಾಡ್ತಾನ, ಹೆಗಲು ಏರ್ತದ, ಇಳಿತದ. ಯಂತ್ರ ಅದನ್ನೂ ಬರೀತದ. ಎಷ್ಟ ಬಿಗಿ ಹಿಡಿದು ಕೂತ್ರೂ ತಪ್ಪೂದಿಲ್ಲ. ನೀರಿನ ಮ್ಯಾಲೆ ತೆರಿ ಎದ್ದಂಗ. ಮಾಸ್ತರು ಅದಕ್ಕ 'ಜೀವದ ತೆರಿ' ಅಂತಿದ್ರು."

"ಛಲೋ ಹೆಸರು." ಸೋಮಪ್ಪ ನಾಲ್ಕನೆಯ ಚಿತ್ರದ ಮೇಲೆ ಬೆರಳಿಟ್ಟ. "ಇದರಾಗ ಎಲ್ಲೈತಿ ತೋರಸ್ರಿ, ಆ ಜೀವದ ತೆರಿ."

ಅದು ಕೊನೆಯ ಸಂಜೆಯ ಚಿತ್ರ. ಪಟಗ ಸುತ್ತಿ, ಶಾಲು ಹೊದ್ದು, ಎದೆ ಸೆಟೆಸಿ ಕುಳಿತ ಶಿದ್ದಪ್ಪ ಮಾಸ್ತರು. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಗೀಟು. ಯಂತ್ರಕ್ಕೆ ಅಷ್ಟು ಸೂಕ್ಷ್ಮ ಬರುತ್ತಿರಲಿಲ್ಲ. ಹೆಗಲಿನ ಅಂಚು ಮಾತ್ರ ಅಲಗಿನಿಂದ ಕೊಯ್ದಷ್ಟು ನೆಟ್ಟಗಿತ್ತು.

ತಾರಾಬಾಯಿ ಚಿತ್ರದ ಕಡೆ ನೋಡಲಿಲ್ಲ. ನೆಲ ನೋಡಿದಳು.

"ನಿಮಗ ಅವತ್ತಽ ತಿಳದಿತ್ತು," ಎಂದ ಸೋಮಪ್ಪ. ಅವನ ದನಿ ಏರಿತು. "ಕಾಗದಾ ತೊಳದು ಕೈಯಾಗ ಹಿಡದಾಗಽ ತಿಳದಿತ್ತು. ಹೌದಲ್ಲೋ?"

"ಹೌದು."

"ಯಾಕ ಬಾಯಿ ಬಿಡಲಿಲ್ಲ?"

"ಹೆಂಗ ಬಿಡ್ಲಿ!" ಅವಳು ತಟಕ್ಕನೆ ತಲೆ ಎತ್ತಿದಳು. "ಊರಿನ ದೊಡ್ಡವರೆಲ್ಲಾ ಕೂತಿದ್ರು. ಜೀವಂತ ಮುಖಾ ಕಳಸ್ತೇನಿ ಅಂತ ಮಾತು ಕೊಟ್ಟಿದ್ರು ಅವರು. ಬಂದದ್ದು ತೆರಿ ಇಲ್ಲದ ಚಿತ್ರ. ಯಂತ್ರದ ಮುಂದ ಒಂದು ಫೋಟೋ ಇಟ್ಟು ಕಳಿಸಿಬಿಟ್ರು ಅಂತ ನಾ ತಿಳಕೊಂಡೆ. ಮಾಸ್ತರು ಮೋಸಾ ಮಾಡಿದ್ರು ಅಂತ ತಿಳಕೊಂಡೆ. ಮರುದಿನಾ ಅವರು ಸತ್ತ ಸುದ್ದಿ ಬಂತು. ಸತ್ತವರ ಹೆಸರಿಗೆ ಮಸಿ ಬಳೀಲೇನು? ನನಗ ಅವರು ದೇವ್ರಿದ್ದಂಗ ಇದ್ರು. ಸುಮ್ಮನಾದೆ."

"ನೀವು ಸುಮ್ಮನಾದ್ರಿ. ಅಲ್ಲೊಬ್ಬನ ಕುತಗಿಗೆ ಹಗ್ಗಾ ಬೀಳಾಕತ್ತೈತಿ."

"ಫೋಟೋ ಇಟ್ಟು ಕಳಿಸಿದ್ರೂ ಯಂತ್ರಕ್ಕ ಕೀಲಿ ಕೊಡಲಿಕ್ಕೆ ಅವರು ಜೀವಂತ ಇರಬೇಕಲ್ರೀ! ಅದಕ್ಕ ಲಕ್ಕಪ್ಪಂದು ಏನೂ ಫರಕ ಆಗೂದಿಲ್ಲ ಅಂದ್ಕೊಂಡೆ…"

ಓದಿದವರ ತಪ್ಪೂ ಓದಿದವರಂತೆಯೇ ಇರುತ್ತದೆ, ನೋಡಿ. ಲೆಕ್ಕವೆಲ್ಲ ಸರಿ, ಉತ್ತರ ಮಾತ್ರ ತಪ್ಪು. ಸೋಮಪ್ಪನಿಗೆ ಸಿಟ್ಟೂ ಬಂತು, ಕನಿಕರವೂ ಬಂತು. ಕುರ್ಚಿ ಎಳೆದು ಅವಳ ಎದುರಿಗೆ ಕುಳಿತ.

"ಬಾಯಾರ, ಈ ಪಟಗದ ಚುಂಗು ನೋಡ್ರಿ."

ಅವಳು ನೋಡಿದಳು. ಹೆಗಲ ಮೇಲೆ ಇಳಿಬಿದ್ದ ಪಟಗದ ತುದಿ ಚಿತ್ರದಲ್ಲಿ ಚೂರುಚೂರಾಗಿತ್ತು. ಒಂದು ಗೆರೆಯಲ್ಲಿ ಇಲ್ಲಿ, ಮುಂದಿನ ಗೆರೆಯಲ್ಲಿ ಅಲ್ಲಿ, ಹರಿದ ಎಲೆಯಂತೆ.

"ಫೋಟೋದಾಗಿನ ಪಟಗಾ ಗಾಳಿಗೆ ಹಾರತೈತೇನು?"

ತಾರಾಬಾಯಿ ಚಿತ್ರವನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಇಲ್ಲ," ಎಂದಳು. "ಇದು ಫೋಟೋ ಅಲ್ಲ. ಯಂತ್ರದ ಮುಂದ ಅವರಽ ಕೂತಾರ. ಗುಡ್ಡದ ಗಾಳಿಗೆ ಅರಿವಿ ಹಾರ್ಯದ. ಹೆಗಲು ಮಾತ್ರ…"

"ಮಾಸ್ತರು ಎಂದಾರ ಪಟಗಾ ಸುತ್ತತಿದ್ರೇನು?"

"ಎಂದೂ ಇಲ್ಲ. ಬರೇ ತಲಿ. ಸಾವಕಾರ್ರು ಅಂದ್ರು, ನನ್ನ ಮರ್ಯಾದಿಗೆ ಸುತ್ಯಾರ ಅಂತ."

"ಸಾವಕಾರ್ರ ಮರ್ಯಾದಿಗಲ್ಲ. ತಲಿ ಒಡದ ಗಾಯಾ ಮುಚ್ಚಾಕ, ಗದ್ದದ ಪಟ್ಟಿ ಮುಚ್ಚಾಕ. ಶಾಲು ಯಾಕ? ಬೆನ್ನಿಗೆ ಕಟ್ಟಿದ ಹಗ್ಗಾ ಮುಚ್ಚಾಕ. ನಮ್ಮ ಮಂದಿ ಹೆಣಾ ಕೂಡ್ಸೂ ರೀತಿ ಇದು. ಇವತ್ತ ಮುಂಜಾನೆ ಓಣ್ಯಾಗ ನೋಡಿ ಬಂದೆ. ಯಾರೋ ಅವರನ್ನ ಕೊಂದು, ಕೂಡಿಸಿ, ಯಂತ್ರಕ್ಕ ಕೀಲಿ ಕೊಟ್ಟಾರ. ನೀವು ಈ ಕಡೆ ಹಿಡದಿದ್ದು ಹೆಣದ ಮುಖಾ, ತಾಯಿ."

ತಾರಾಬಾಯಿಯ ಬಾಯಿಂದ ಒಂದು ಶಬ್ದ ಬಂತು. ಅದು ಅಳುವೂ ಅಲ್ಲ, ಮಾತೂ ಅಲ್ಲ. ಬೆಳಕಿನ ಎದುರು ಕುಳಿತು, ಗೆರೆ ಗೆರೆಯಾಗಿ ಆ ಮುಖವನ್ನು ಹಿಗ್ಗಿನಿಂದ ಕಾಗದಕ್ಕೆ ಹಿಡಿದವಳು ಅವಳು. ಒಳಗೆ ಗುಮಾನಿ ಇದ್ದರೂ ಚಪ್ಪಾಳೆ ತಟ್ಟಿದವರಲ್ಲಿ ಅವಳೂ ಒಬ್ಬಳು.

"ನಾ ಎಂಥಾ ಪಾಪಿ," ಎಂದಳು. "ಸತ್ತವರ ಮ್ಯಾಲೆ ಮೋಸದ ಗುಮಾನಿ ಪಟ್ಟೆ."

"ಅಳೂದು ಆಮ್ಯಾಲಿರಲಿ. ದೀಪ ಆಡೂ ಹೊತ್ತಿಗೆ ಲಕ್ಕಪ್ಪ ಎಲ್ಲಿದ್ದಾ ಗೊತ್ತೈತೇನು? ಶಿರಗುಪ್ಪಿ ಅಕ್ಕನ ಮನಿಯಿಂದ ಚಕ್ಕಡ್ಯಾಗ ಬರಾಕತ್ತಿದ್ದ. ಚಕ್ಕಡಿ ತುಂಬ ಮಂದಿ. 'ಅಕಾ ನೋಡೋ ನಿಮ್ಮ ಮಾಸ್ತರ ದೀಪ' ಅಂತ ಅವರಽ ಅವಗ ತೋರಿಸ್ಯಾರ. ಆವಾಗ ಅದು ನಮಗ ಬ್ಯಾಡಾಗಿತ್ತು. ಈಗ ಅದಽ ಅವನ ಜೀವಾ ಉಳಸ್ತೈತಿ."

"ಹಂಗಾದ್ರ ಕೀಲಿ ಕೊಟ್ಟವರ್ಯಾರು?"

"ಯಾರಿಗೆ ಬರತೈತಿ ಆ ವಿದ್ಯಾ?"

ಅವಳು ಯೋಚಿಸಿದಳು. "ನನಗ. ಲಕ್ಕಪ್ಪಗ. ಸಾವಕಾರ್ರು ಹತ್ತು ಸಲ ನಿಂತು ನೋಡ್ಯಾರ, ಆದ್ರ ಅವರು ಇಡೀ ಸಂಜಿ ನಮ್ಮ ಮುಂದಽ ಇದ್ರು. ಮಾಸ್ತರ ಅಣ್ಣಾವ್ರೂ ಯಂತ್ರ ಕೂಡಿಸೂವಾಗ ಕೈ ಜೋಡಿಸಿದ್ರು. ಆದ್ರ ಅವರು ಅವತ್ತ ಗದಗಿಗೆ ಹೋಗಿದ್ರಲ್ಲ."

"ರಾತ್ರಿ ಗದಗಿನ್ಯಾಗ ಇದ್ರು, ಬೀಗರ ಮನ್ಯಾಗ ಉಂಡಾರ. ಅಷ್ಟಽ ನಾ ಕೇಳೇನಿ." ಸೋಮಪ್ಪ ಹಣೆ ಉಜ್ಜಿಕೊಂಡ. "ಸಂಜಿ ಎಲ್ಲಿದ್ರಿ ಅಂತ ಯಾರನ್ನೂ ಕೇಳಿಲ್ಲ. ಯಾಕ ಕೇಳಬೇಕು? ಸಂಜಿ ಮಾಸ್ತರು ಜೀವಂತ ಇದ್ರಲ್ಲ! ಕೆಟ್ಟ ಮ್ಯಾಲ ಬುದ್ಧಿ ಬಂತು, ಅಟ್ಟ ಮ್ಯಾಲ ಒಲಿ ಉರೀತು. ನಡೀರಿ, ಮೊದಲ ಲಕ್ಕಪ್ಪನ್ನ ಬಿಡಿಸೂಣು. ಚಿತ್ರಾ ಎಲ್ಲಾ ತಗೋರಿ."

ಬಾಡಿಗೆ ಮೋಟಾರು ಧೂಳೆಬ್ಬಿಸುತ್ತ ಧಾರವಾಡ ಸೇರುವಾಗ ಬಿಸಿಲು ನೆತ್ತಿಗೆ ಬಂದಿತ್ತು. ಕೋರ್ಟಿನ ಕಲ್ಲು ಮೆಟ್ಟಿಲ ಮೇಲೆ ಲಕ್ಕಪ್ಪನ ಹೆಂಡತಿ ಫಕೀರವ್ವ ರೊಟ್ಟಿಯ ಗಂಟು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದಳು. ಪಕ್ಕದಲ್ಲಿ ನಿಂತು ಅವಳಿಗೆ ಸಮಾಧಾನ ಹೇಳುತ್ತಿದ್ದವರು ಮಹಾದೇವಪ್ಪನವರು.

ತಮ್ಮನನ್ನು ಕೊಂದವನೆಂದು ಊರೆಲ್ಲ ಉಗುಳುತ್ತಿದ್ದ ಆಳಿಗೆ ವಕೀಲರನ್ನು ಗೊತ್ತುಮಾಡಿ ಕೊಟ್ಟ ಪುಣ್ಯಾತ್ಮ ಅವರು. "ನನ್ನ ತಮ್ಮ ಸಾಕಿದ ಹುಡುಗ. ಅವಗ ಶಿಕ್ಷಾ ಆದ್ರ ತಮ್ಮನ ಆತ್ಮಕ್ಕ ಶಾಂತಿ ಸಿಗೂದಿಲ್ಲ" ಎಂದು ಊರ ಮುಂದೆ ಹೇಳಿದ್ದರು. ಕೇಳಿದವರು ಕಣ್ಣೊರೆಸಿಕೊಂಡಿದ್ದರು.

"ಬೇ ಫಕೀರವ್ವಾ," ಎಂದ ಸೋಮಪ್ಪ, "ಅಳಬ್ಯಾಡ. ಇವತ್ತ ನಿನ್ನ ಗಂಡನ್ನ ಕರಕೊಂಡು ಹೋಗು."

ಅವಳು ಬಾಯಿ ತೆರೆದು ಅವನನ್ನೇ ನೋಡಿದಳು. ನಂಬಲಿಲ್ಲ. ಪೋಲೀಸರ ಮಾತು ನಂಬಿ ಕೆಟ್ಟವರ ಪೈಕಿ ಅವಳು. ಆದರೂ ಅವನ ಕಾಲಿಗೆ ಬಿದ್ದಳು.

ಒಳಗೆ ಸೋಮಪ್ಪ ಮತ್ತು ತಾರಾಬಾಯಿ ಮ್ಯಾಜಿಸ್ಟ್ರೇಟ್ ಸಾಹೇಬರ ಕೋಣೆಯಲ್ಲಿ ಚಿತ್ರಗಳನ್ನು ಹರಡಿ ಎಲ್ಲವನ್ನೂ ಹೇಳಿದರು. ಸಾಹೇಬರು ಭೂತಗನ್ನಡಿ ತರಿಸಿ ಹೆಗಲು ನೋಡಿದರು, ಪಟಗ ನೋಡಿದರು, ಮತ್ತೆ ಹೆಗಲು ನೋಡಿದರು.

"ವಿಚಿತ್ರ ಅದ," ಎಂದರು. "ಆದ್ರ ಖರೇ ಅನಸ್ತದ. ಶಿರಗುಪ್ಪಿ ಚಕ್ಕಡಿಯವರನ್ನ ಕರಸ್ರಿ. ಆರೋಪಿಯನ್ನ ಒಂದು ಮಾತು ಕೇಳ್ತೇನಿ. ಎಲ್ಲಾ ಕೂಡಿ ಬಂದ್ರ ಸೆಷನ್ಸಿಗೆ ಕಳಿಸೂ ಕಾರಣಿಲ್ಲ."

ಸೋಮಪ್ಪ ಹಗುರಾದ. ಪಡಸಾಲೆಯ ಮೂಲೆಯಲ್ಲಿ ಬೇಡಿ ತೊಟ್ಟು ಕುಕ್ಕರಗಾಲಿನಲ್ಲಿ ಕುಳಿತಿದ್ದ ಲಕ್ಕಪ್ಪನ ಹತ್ತಿರ ತಾನೇ ಹೋದ. ಕಾವಲಿನ ಪೋಲೀಸನನ್ನು ದೂರ ನಿಲ್ಲಿಸಿದ.

"ಲಕ್ಕಪ್ಪ, ನೀ ಬಚಾವಾದಿ. ನೀ ಗುಡ್ಡಾ ಹತ್ತೂಕಿಂತ ಮೊದಲಽ ಮಾಸ್ತರು ಸತ್ತಿದ್ರು. ದೀಪ ಹಚ್ಚೂಕಿಂತ ಮೊದಲಽ. ಹೆಣಾ ಕೂಡಿಸಿ ದೀಪ ಹಚ್ಚಿದಾಗ ನೀ ಚಕ್ಕಡ್ಯಾಗ ಇದ್ದಿ."

ಕುಣಿಯುತ್ತಾನೆ, ಕಾಲು ಹಿಡಿಯುತ್ತಾನೆ ಅಂದುಕೊಂಡಿದ್ದ. ಲಕ್ಕಪ್ಪ ಕೂತಲ್ಲಿಯೇ ಕೂತ.

"ಇಲ್ಲರಿ," ಎಂದ.

"ಏನು ಇಲ್ಲ?"

"ಮಾಸ್ತರು ಸತ್ತಿರಲಿಲ್ಲರಿ. ನನ್ನ ಕೂಡ ಮಾತಾಡಿದ್ರು."

ಸೋಮಪ್ಪ ಅವನ ಪಕ್ಕದಲ್ಲಿ ನೆಲದ ಮೇಲೆಯೇ ಕುಳಿತುಬಿಟ್ಟ. "ಯಾವಾಗ?"

ಲಕ್ಕಪ್ಪ ಬೇಡಿಯ ಕೈಗಳನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ನಿಧಾನ ಹೇಳಿದ. ಅಂದು ಮಧ್ಯಾಹ್ನ ಅವನ ಕೈತಪ್ಪಿ ದೊಡ್ಡ ಗಾಜು ಸೀಳಿತ್ತು. ಮಾಸ್ತರು ಜನ್ಮದಲ್ಲಿ ಮೊದಲ ಸಲ ಅವನ ಕಪಾಳಕ್ಕೆ ಹೊಡೆದರು. "ನಿನ್ನ ಮಾರಿ ತೋರಸಬ್ಯಾಡ, ಹಾಳಾಗಿ ಹೋಗು" ಅಂದರು. ಪ್ಲೇಗಿನಲ್ಲಿ ತಂದೆ ತಾಯಿ ಹೋದ ಕೂಸನ್ನು ತಂದು, ಉಣಿಸಿ, ಅಕ್ಷರ ಕಲಿಸಿ ಬೆಳೆಸಿದವರ ಬಾಯಿಂದ ಬಂದ ಮಾತದು.

"ಅಕ್ಕನ ಮನ್ಯಾಗ ನೀರೂ ಇಳೀಲಿಲ್ಲರಿ. ದೀಪ ಆರಿದ ಮ್ಯಾಲ ಗುಡ್ಡಾ ಹತ್ತಿದೆ, ಕಾಲು ಹಿಡಿಬೇಕಂತ. ಒಳಗ ಕತ್ತಲಿತ್ತು. ಹೊಸ್ತಿಲಕ್ಕ ತಲಿ ಇಟ್ಟು ಅತ್ತೆ. ಒಳಗಿಂದ ಕೈ ಬಂದು ನನ್ನ ತಲಿ ಮ್ಯಾಲ ಕುಂತ್ತು. 'ನಿಂದೇನೂ ತಪ್ಪಿಲ್ಲೋ. ಮನಿಗೆ ಹೋಗು' ಅಂದ್ರು. ಸಣ್ಣ ದನ್ಯಾಗ ಅಂದ್ರು. ಅಷ್ಟಽ."

"ಇದನ್ನ ಮೊದಲ ಯಾಕ ಹೇಳಲಿಲ್ಲೋ ಹುಚ್ಚ!"

"ಮೊದಲ ಅಂಜಿಕಿ ಬಂತ್ರಿ, ಗುಡ್ಡಾ ಹತ್ತೇ ಇಲ್ಲಂದೆ. ಆಮ್ಯಾಲ… ನೀವೆಲ್ಲಾ ನಗತಿದ್ರಿ. ಅದೊಂದು ಮಾತು ಇಟಗೊಂಡು ನಾ ತಡಕೊಂಡೇನ್ರಿ. ಗಲ್ಲಿಗೆ ಹಾಕಿದ್ರೂ ಹೋಗಲಿ, ಮಾಸ್ತರು ನನಗ ಮಾಫಿ ಮಾಡ್ಯಾರ ಅಂತ."

ಸೋಮಪ್ಪನಿಗೆ ಹೇಳದೆ ಗತಿಯಿರಲಿಲ್ಲ.

"ಲಕ್ಕಪ್ಪ, ಆ ಕೈ ಮಾಸ್ತರದಲ್ಲ. ಒಳಗ ಕತ್ತಲದಾಗ ಅವರ ಹೆಣಾ ಇತ್ತು. ನಿನ್ನ ತಲಿ ಮ್ಯಾಲ ಕೈ ಇಟ್ಟಾವ ಅವರನ್ನ ಕೊಂದಾವ. ನಿನ್ನ ದಾಟಿಸಿ ಕಳಿಸಾಕ ಹಂಗಂದಾನ."

"ಹಂಗನಬ್ಯಾಡ್ರಿ ಸಾಹೇಬ್ರ."

"ಖರೇ ಹೇಳಾಕತ್ತೇನಿ."

"ಹಂಗನಬ್ಯಾಡ್ರಿ, ನಿಮ್ಮ ಕಾಲು ಬೀಳ್ತೇನಿ. ಹಂಗಾದ್ರ ಮಾಸ್ತರು ನನಗ ಕಡೀಕೆ ಅಂದ ಮಾತು ಯಾವುದಾತ್ರಿ? ಹಾಳಾಗಿ ಹೋಗು ಅಂದದ್ದಽ ಆತಲ್ರೀ?"

ಅಷ್ಟರಲ್ಲಿ ಜವಾನ ಹೆಸರು ಹಿಡಿದು ಕೂಗಿದ.

ಕೋರ್ಟಿನ ಕೋಣೆ ತುಂಬಿತ್ತು. ವಕೀಲರ ಹಿಂದಿನ ಬಾಕಿನಲ್ಲಿ ಮಹಾದೇವಪ್ಪನವರು ಕಣ್ಣು ಮುಚ್ಚಿ ಕುಳಿತಿದ್ದರು. ಬಾಗಿಲಲ್ಲಿ ಫಕೀರವ್ವ ನಿಂತಿದ್ದಳು. ಮ್ಯಾಜಿಸ್ಟ್ರೇಟ್ ಸಾಹೇಬರು ಸೋಮಪ್ಪನ ಹೊಸ ಹೇಳಿಕೆಯನ್ನೂ ತಾರಾಬಾಯಿಯ ಸಾಕ್ಷಿಯನ್ನೂ ಬರೆಸಿಕೊಂಡರು. ಜನರ ನಡುವೆ ಗುಜುಗುಜು ಎದ್ದಿತು. ಹೆಣದ ಮುಖ ಬೆಳಕಿನ ಮೇಲೆ ಬಂದಿತ್ತೆಂದು ಕೇಳಿ ಒಬ್ಬಾತ ಎದ್ದು ಹೊರಗೆ ಹೋಗಿ ವಾಂತಿ ಮಾಡಿಕೊಂಡ.

"ಲಕ್ಕಪ್ಪ," ಎಂದರು ಸಾಹೇಬರು, "ಇವರು ಹೇಳೂದು ನಿನಗ ತಿಳೀತೇನು? ದೀಪ ಹಚ್ಚೂಕಿಂತ ಮೊದಲ ಮಾಸ್ತರು ಸತ್ತಿದ್ರು ಅಂತಾರ. ನೀ ಹೋದಾಗ ಅವರನ್ನ ಜೀವಂತ ನೋಡಿಲ್ಲ, ಹೌದಲ್ಲ?"

ವಕೀಲರು ಹೂಂ ಅನ್ನುವಂತೆ ಕಣ್ಸನ್ನೆ ಮಾಡಿದರು. ಸೋಮಪ್ಪ ಮನಸ್ಸಿನಲ್ಲೇ ಅಂಗಲಾಚಿದ. ಹೌದು ಎನ್ನು, ಮಾರಾಯ. ಒಂದೇ ಮಾತು. ಹೌದು ಎಂದು ಮನೆಗೆ ಹೋಗು.

ಲಕ್ಕಪ್ಪ ಬಾಗಿಲಿನ ಕಡೆ ನೋಡಿದ. ಹೆಂಡತಿಯನ್ನು ನೋಡಿದ. ಮೇಜಿನ ಮೇಲಿದ್ದ ಚಿತ್ರವನ್ನು ನೋಡಿದ. ಬೇಡಿಯ ಕೈಗಳನ್ನು ಜೋಡಿಸಿದ.

"ಇಲ್ಲರೀ ಧಣ್ಯಾರ. ಮಾಸ್ತರು ಜೀವಂತ ಇದ್ರು. ನನ್ನ ಕೂಡ ಮಾತಾಡಿದ್ರು. ಆ ಫೋಟೋ ಸುಳ್ಳು."

"ಏನಂದಿ?"

"ನಾ ಹೋದಾಗ ಅವರು ಜೀವಂತ ಇದ್ರು. ದೇವರಾಣಿ ಮಾಡಿ ಹೇಳ್ತೇನ್ರಿ."

ಬಾಗಿಲಲ್ಲಿ ಫಕೀರವ್ವ ಕಿಟಾರನೆ ಕಿರುಚಿದಳು. "ಏ ಮೂಳ! ಏನು ಹೇಳಾಕತ್ತಿಯೋ! ನನ್ನ ಮಕ್ಕಳ ಗತಿ ಏನೋ!" ಜವಾನ ಅವಳನ್ನು ಹೊರಗೆ ನೂಕಿದ. ಸೋಮಪ್ಪ ಎದ್ದು ನಿಂತು ಏನೋ ಹೇಳಹೋದ. ಸಾಹೇಬರು ಕೈ ಎತ್ತಿ ತಡೆದರು. ಅವರ ಮುಖವೂ ಕಳೆಗುಂದಿತ್ತು.

"ಆರೋಪಿನಽ ಜೀವಂತ ನೋಡೇನಿ ಅಂದ ಮ್ಯಾಲೆ ನಾ ಏನು ಮಾಡ್ಲಿ, ಫೌಜದಾರ್ರ?"

ಕಾರಕೂನ ಹೇಳಿಕೆ ಬರೆದು ಓದಿ ಹೇಳಿದ. ಲಕ್ಕಪ್ಪನ ಹೆಬ್ಬೆರಳಿಗೆ ಮಸಿ ಹಚ್ಚಿ ಕೆಳಗೆ ಒತ್ತಿಸಿದ. ತನ್ನ ಹೆಸರು ಬರೆಯಲು ಲಕ್ಕಪ್ಪನಿಗೆ ಬರುತ್ತಿತ್ತು, ಮಾಸ್ತರೇ ಕಲಿಸಿದ್ದರು. ಬೇಡಿ ಬಿಚ್ಚುವ ಗೋಜು ಯಾರಿಗೂ ಬೇಕಿರಲಿಲ್ಲ. ಸೆಷನ್ಸ್ ಕೋರ್ಟಿಗೆ ಒಪ್ಪಿಸಿದ ಹುಕುಮಿಗೆ ಸಾಹೇಬರು ಸಹಿ ಹಾಕಿದರು.

ಆಗ ಬಾಕಿನಿಂದ ಮಹಾದೇವಪ್ಪನವರು ಎದ್ದರು. ಕಣ್ಣಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅದು ನಟನೆಯಲ್ಲ, ನಿಜವಾದ ನೀರೇ. ಯಾರೂ ತಡೆಯಲಿಲ್ಲ. ಕಟಕಟೆಯ ಹತ್ತಿರ ಬಂದು, ತಲೆ ಬಗ್ಗಿಸಿ ನಿಂತ ಲಕ್ಕಪ್ಪನ ನೆತ್ತಿಯ ಮೇಲೆ ಕೈ ಇಟ್ಟರು.

"ನಿಂದೇನೂ ತಪ್ಪಿಲ್ಲೋ," ಎಂದರು. ಅಳುವಿನಲ್ಲಿ ದನಿ ಇಂಗಿ ಸಣ್ಣದಾಗಿತ್ತು.

ಲಕ್ಕಪ್ಪ ತಲೆ ಎತ್ತಲಿಲ್ಲ. ಮೊದಲು ಅವನ ಹೆಗಲು ನಡುಗಿದವು. ಆಮೇಲೆ ಬೇಡಿಯ ಎರಡೂ ಕೈ ಮೇಲೆತ್ತಿ, ತನ್ನ ನೆತ್ತಿಯ ಮೇಲಿದ್ದ ಕೈಯನ್ನು ಮಣಿಕಟ್ಟಿನಲ್ಲಿ ಗಟ್ಟಿಯಾಗಿ ಹಿಡಿದ. ಮಹಾದೇವಪ್ಪನವರು ಬಿಡಿಸಿಕೊಳ್ಳಲು ನೋಡಿದರು, ಆಗಲಿಲ್ಲ. ಅವರ ಬಿಳಿಯ ಅಂಗಿಯ ತೋಳಿಗೆ ಹೆಬ್ಬೆರಳಿನ ಹಸಿ ಮಸಿ ಮೆತ್ತಿಕೊಂಡಿತು.

"ಸಾಹೇಬ್ರ," ಎಂದ ಲಕ್ಕಪ್ಪ. ಪಕ್ಕದಲ್ಲಿದ್ದ ಸೋಮಪ್ಪನಿಗಲ್ಲದೆ ಬೇರೆ ಯಾರಿಗೂ ಕೇಳಿಸದಷ್ಟು ಮೆಲ್ಲಗೆ. "ಇದಽ ಕೈ ರೀ."

ಮ್ಯಾಜಿಸ್ಟ್ರೇಟ್ ಸಾಹೇಬರು ಕಾಗದ ಪತ್ರ ಮಡಿಚಿ ಕಾರಕೂನನ ಕೈಗಿತ್ತು, ಮುಂದಿನ ಖಟ್ಲೆಯವರನ್ನು ಕರೆಯಲು ಹೇಳಿದರು.